ಉಳಿದದ್ದು ಮೂರು ಔನ್ಸ್

"ಬಾಗಲಾ ತೆಗೀರಿ," ಎಂದು ನಾನು ಮೂರನೇ ಸಲ ಕೂಗಿದೆ.

"ತೆಗ್ಯಾಕ ಬರೂದಿಲ್ರಿ," ಎಂದಿತು ಒಳಗಿನಿಂದ ಒಂದು ಗಂಡಸಿನ ದನಿ. "ಒಳಗ ಹದಿನಾರ ಮಂದಿ ಅದಾರ. ಈಗ ತೆಗದ್ರ ಒಬ್ಬರೂ ಉಳಿಯೂದಿಲ್ಲ."

ಆ ಕೋಣೆ ಎಷ್ಟು ದೊಡ್ಡದು ಎಂಬುದು ಓಣಿಗೆಲ್ಲ ಗೊತ್ತು. ಮೊದಲು ಅದರಲ್ಲಿ ಮಾಲೀಕ ಅಣ್ಣಾಸಾಹೇಬರ ಮನೆಯ ಕುಳ್ಳು, ಕಟ್ಟಿಗೆ ಇಡುತ್ತಿದ್ದರು. ನಾಲ್ಕು ಜನ ಕೂತರೆ ಐದನೆಯವರಿಗೆ ಕಾಲಿಡಲು ಜಾಗವಿಲ್ಲ. ಅದರೊಳಗೆ ಹದಿನಾರು ಜನ, ನಡುಮಧ್ಯಾಹ್ನ, ಕಿಟಕಿಗೆ ಕರಿ ಕಂಬಳಿ ಬಡಿದುಕೊಂಡು, ಒಬ್ಬರೂ ಕೆಮ್ಮದೆ ಕೂತಿದ್ದಾರೆ ಎಂದರೆ ಏನರ್ಥ?

"ಅಷ್ಟ ಮಂದಿನ್ನ ಇಟ್ಕೊಂಡು ಏನ್ ಮಾಡಾಕತ್ತೀರಿ?"

"ತೊಳ್ಯಾಕತ್ತೇನ್ರಿ," ಎಂದಿತು ದನಿ, ಬಹಳ ಸಮಾಧಾನದಿಂದ.

ಜಗಳಕ್ಕೆಂದು ಬಂದವಳು ನಾನು. ಜಗಳ ಮರೆತು ಎರಡು ಹೆಜ್ಜೆ ಹಿಂದೆ ಸರಿದೆ.

ನಾನು ಶೇವಂತಿ, ಬನಹಟ್ಟಿಯ ನೀಲಗಾರ ರಾಚಪ್ಪನ ಮಗಳು. ನೇಕಾರರ ನೂಲಿಗೆ ಬಣ್ಣ ಹಾಕುವುದು ನಮ್ಮ ಕಸುಬು. ಅವ್ವ ತೀರಿದ ಮೇಲೆ ಬಣ್ಣ ತೂಗುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅಂದು ಹಿತ್ತಲಲ್ಲಿ ಒಣಹಾಕಿದ್ದ ಬಿಳಿ ನೂಲಿನ ಲಡಿಗಳ ಮೇಲೆ ಗೋಡೆಯಾಚೆಯಿಂದ ಯಾರೋ ನೀರು ಚೆಲ್ಲಿದ್ದರು. ಒಣಗಿದ ಮೇಲೆ ನೋಡಿದರೆ ಎಲ್ಲಾ ಕಂದು ಕಲೆ. ಗೋಡೆಯಾಚೆ ಮೂರು ವಾರದ ಹಿಂದಷ್ಟೇ ಫೋಟೋದವನೊಬ್ಬ ಅಂಗಡಿ ಹಾಕಿದ್ದ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಕಲೆಬಿದ್ದ ಲಡಿಯನ್ನು ಹೆಗಲಿಗೆ ಹಾಕಿಕೊಂಡು ನೇರ ಬಂದುಬಿಟ್ಟಿದ್ದೆ.

ಅರ್ಧ ಗಂಟೆಯ ಮೇಲೆ ಬಾಗಿಲು ತೆರೆಯಿತು. ಹೊರಬಂದವನು ಒಬ್ಬನೇ. ತೆಳ್ಳಗೆ, ಎತ್ತರಕ್ಕೆ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತ. ಕೈಯಲ್ಲಿ ನೀರು ತೊಟ್ಟಿಕ್ಕುವ ಒಂದು ಉದ್ದ ಪಟ್ಟಿ.

"ಉಳದವ್ರ ಎಲ್ಲಿ?" ಎಂದೆ.

"ಇಲ್ಲೇ ಅದಾರಲ್ರಿ," ಎಂದು ಪಟ್ಟಿಯನ್ನು ಬಿಸಿಲಿಗೆ ಹಿಡಿದ.

ನಾನು ನೋಡಿದೆ. ನೋಡಬಾರದಿತ್ತು. ಹದಿನಾರು ಜನ ಸಾಲಾಗಿ ನಿಂತಿದ್ದರು, ಎಲ್ಲರಿಗೂ ಕರಿ ಮುಖ, ಬಿಳಿ ಕೂದಲು, ಬಾಯಿಯೊಳಗೆ ಕರಿ ಹಲ್ಲು. ಎಳೆಗೂಸಿಗೂ ಬಿಳಿ ಕೂದಲು. ನನ್ನ ಬಾಯಿಂದ "ದೆವ್ವ" ಎಂಬ ಮಾತು ತಾನಾಗಿಯೇ ಬಂತು.

"ಹಂಗನಬ್ಯಾಡ್ರಿ. ಫಿಲ್ಮಿನಾಗ ಕರಿ ಬಿಳಿ ಉಲ್ಟಾ ಕಾಣತಾವು, ಇವ್ರು ಹುನ್ನೂರ ಪಾಟೀಲರ ಮನಿ ಮಂದಿ. ಕೇಳಿಸ್ಕೊಂಡ್ರ ನನ್ನ ಬಡೀತಾರ."

ಹೇಳುವಾಗ ಅವನ ಮುಖದಲ್ಲಿ ನಗುವಿರಲಿಲ್ಲ. ಕಣ್ಣಲ್ಲಿ ಮಾತ್ರ ಇತ್ತು. ಆಮೇಲೆ ನನ್ನ ಹೆಗಲ ಮೇಲಿನ ಲಡಿ ಅವನಿಗೆ ಕಂಡಿತು. ಕಣ್ಣಿನ ನಗುವೂ ಹೋಯಿತು. ತಾನು ಬಳಸಿ ಚೆಲ್ಲಿದ ಔಷಧದ ನೀರು ಅದು ಎಂದು ಅವನಿಗೆ ಹೇಳಬೇಕಾಗಲೇ ಇಲ್ಲ. "ತಪ್ಪಾತ್ರಿ," ಎಂದ. ಅಷ್ಟೇ. ನೆಪ ಹೇಳಲಿಲ್ಲ, ಗಾಳಿಯ ಮೇಲೆ ಹಾಕಲಿಲ್ಲ. ನಾನು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ಬೈಗುಳಗಳೆಲ್ಲ ಬಾಯಲ್ಲೇ ಉಳಿದವು.

ಅವನ ಹೆಸರು ಸುಪಾರ್ಶ್ವ. ತೇರದಾಳದ ಜೈನರ ಹುಡುಗ. ಮನೆಯಲ್ಲಿ ಕಾಳಿನ ವ್ಯಾಪಾರ, ಸೋದರಮಾವನ ಹಿಡಿತ. ಕೊಲ್ಲಾಪುರದಲ್ಲಿ ಫೋಟೋದ ಕೆಲಸ ಕಲಿತು, ಅಂಗಡಿಯ ಗಾದಿಯ ಮೇಲೆ ಕೂರಲಾರೆ ಎಂದು ಇಲ್ಲಿಗೆ ಬಂದವನು. ಫೋಟೋ ಅಂಗಡಿ ನಡೆಯದಿದ್ದರೆ ಮರಳಿ ಬಂದು ಗಾದಿಯ ಮೇಲೆ ಕೂರಬೇಕು, ಮಾವ ಹೇಳಿದ ಹುಡುಗಿಯನ್ನು ಕಟ್ಟಿಕೊಳ್ಳಬೇಕು ಎಂಬ ಕರಾರಿನ ಮೇಲೆ ಅವನ ಅವ್ವ ಕಳಿಸಿದ್ದಳಂತೆ. ಇದನ್ನೆಲ್ಲ ಅವನು ನನ್ನ ಅಪ್ಪನಿಗೆ ಹೇಳಿದ್ದು. ನಾನು ಒಳಗೆ ಬಣ್ಣ ತೂಗುತ್ತ ಕೇಳಿಸಿಕೊಂಡದ್ದು.

ಅಪ್ಪ ಕಲೆಯ ನೂಲನ್ನು ಕಪ್ಪು ಬಣ್ಣಕ್ಕೆ ಹಾಕಿ ಮುಗಿಸಿದ. "ನುಕ್ಸಾನ ಏನ್ ಆಗಿಲ್ಲ ಬಿಡಪಾ," ಎಂದ. ಆದರೆ ಸುಪಾರ್ಶ್ವ ಬಿಡಲಿಲ್ಲ. ತಪ್ಪಿಗೆ ಬದಲಾಗಿ ಅಪ್ಪನ ಫೋಟೋ ತೆಗೆಯುತ್ತೇನೆಂದು ಕ್ಯಾಮೆರಾ ತಂದ. ಒಂದು ಇಡೀ ರೀಲು, ಎಂಟು ಫೋಟೋ. ಅಪ್ಪ ತಲೆಗೆ ಪಟಗ ಸುತ್ತಿಕೊಂಡು ಬಣ್ಣದ ಬಾನಿಯ ಮುಂದೆ ಬಿಗಿದುಕೊಂಡು ನಿಂತ. ನಾನು ಹಿಂದೆ ಲಡಿ ಹಿಂಡುತ್ತಿದ್ದೆ.

"ಅಕಿ ಸರೀಬೇಕೇನು?" ಎಂದು ಅಪ್ಪ ಕೇಳಿದ.

"ಬ್ಯಾಡ್ರಿ ಕಾಕಾ, ಅವರ ಕೆಲಸ ಕೆಡತೈತಿ. ಅಲ್ಲೇ ಇರಲಿ."

ನನ್ನ ಕೆಲಸದ ಬಗ್ಗೆ ಅವನಿಗೆ ಬಹಳ ಕಾಳಜಿ ಎಂದು ನಾನು ತಿಳಿದೆ. ಆಗ ನನಗೆ ಹತ್ತೊಂಬತ್ತು ವರ್ಷ, ಬುದ್ಧಿ ಒಂಬತ್ತರದ್ದು.

ಆಮೇಲೆ ಅವನು ದಿನಾ ಗೋಡೆಯಾಚೆ ಇದ್ದ. ಗೋಡೆ ಎದೆಮಟ್ಟ. ನೀರು ಸೇದಲು ಹೋದರೆ ಅವನು ಬಟ್ಟೆಯಲ್ಲಿ ನೀರು ಗಾಳಿಸುತ್ತಿದ್ದ. ಕುಡಿಯುವ ನೀರಷ್ಟೇ ಅಲ್ಲ, ಫಿಲ್ಮ್ ತೊಳೆಯುವ ನೀರನ್ನೂ.

"ಫೋಟೋಕ್ಕೂ ಮಡಿ ಐತೇನ್ರಿ?" ಎಂದು ಕೆಣಕಿದೆ.

"ನೀರಾಗಿನ ಜೀವ ಉಳೀತಾವು, ಫಿಲ್ಮಿನ ಮ್ಯಾಲೆ ಮಣ್ಣೂ ಕೂಡೂದಿಲ್ಲ. ಇಬ್ಬರಿಗೂ ಛಲೋ ಆತಲ್ಲ," ಎಂದ. ಹಾಗೆಂದು ಮೇಲಕ್ಕೆ ನೋಡಿದ. ಅವನ ಕಣ್ಣಿಗೆ ಕತ್ತಲ ರೂಢಿ ಇದ್ದುದರಿಂದಲೋ ಏನೋ, ಬಿಸಿಲಲ್ಲಿ ಯಾರನ್ನಾದರೂ ನೋಡಿದರೆ ನಿಧಾನವಾಗಿ, ಅಂಚಿನಿಂದ ಶುರುಮಾಡಿ ನೋಡುತ್ತಿದ್ದ. ಮೊದಲು ನನ್ನ ಕಿವಿ, ಆಮೇಲೆ ಗಲ್ಲ, ಕೊನೆಗೆ ಕಣ್ಣು. ಕಣ್ಣಿಗೆ ಬರುವಷ್ಟರಲ್ಲಿ ನಾನು ಕೊಡ ಎತ್ತಿಕೊಂಡು ಹೊರಟುಬಿಡುತ್ತಿದ್ದೆ. ಕೊಡದಲ್ಲಿ ಅರ್ಧ ನೀರೂ ಇರುತ್ತಿರಲಿಲ್ಲ. ಅಪ್ಪ ಎರಡು ಸಲ ಬೈದ.

ಹೊತ್ತು ಮುಳುಗುವ ಮೊದಲು ಅವನು ಉಂಡುಬಿಡುತ್ತಿದ್ದ. ಅವನ ಒಲೆಯ ಹೊಗೆ ಕಂಡಾಗ ನನಗೂ ಹಸಿವಾಗತೊಡಗಿತು. ಇದು ನನಗೇ ಗೊತ್ತಾದ ದಿನ ನಾನು ಬೆಚ್ಚಿದೆ. ಉಳ್ಳಾಗಡ್ಡಿ ಇಲ್ಲದೆ ತುತ್ತು ಎತ್ತದವಳು ನಾನು, ಉಳ್ಳಾಗಡ್ಡಿ ಮುಟ್ಟದವನ ಹೊಗೆಗೆ ಹಸಿಯುವುದೆಂದರೇನು?

ಆ ವಾರವೇ ಸೋಲಾಪುರದಿಂದ ಜನ ಬಂದರು. ನಮ್ಮವರೇ, ದೊಡ್ಡ ಬಣ್ಣದ ಕಾರಖಾನೆ. ನೋಡಿದರು, ಒಪ್ಪಿದರು, ಹದಿನೈದು ದಿನಕ್ಕೆ ನಿಶ್ಚಯ ಮಾಡಿಕೊಳ್ಳೋಣ ಎಂದರು. ಅಪ್ಪನ ಮುಖ ಅರಳಿತ್ತು. "ಏನವಾ?" ಎಂದು ನನ್ನನ್ನು ಕೇಳಿದ. ನಾನು ಸುಮ್ಮನಿದ್ದೆ. ಹೆಣ್ಣು ಸುಮ್ಮನಿದ್ದರೆ ಒಪ್ಪಿದಳು ಎಂದೇ ಅರ್ಥ ನಮ್ಮಲ್ಲಿ. ಗೋಡೆಯಾಚೆ ನೀರು ಗಾಳಿಸುವ ಸದ್ದು ನಿಂತುಹೋಗಿತ್ತು.

ಮರುದಿನದಿಂದ ಅವನು ಕಣ್ಣೆತ್ತಿ ನೋಡಲಿಲ್ಲ. ನಾನು ಮೂರು ಸಲ ಸುಮ್ಮಸುಮ್ಮನೆ ನೀರಿಗೆ ಹೋದೆ.

ಇಷ್ಟರಲ್ಲಿ ಅಣ್ಣಾಸಾಹೇಬರ ಮನೆಯ ಲಗ್ನ ಬಂತು. ಅಣ್ಣಾಸಾಹೇಬರೆಂದರೆ ನಮ್ಮ ಊರಿನ ಸೀರೆ ವ್ಯಾಪಾರಸ್ಥರು. ಸುಪಾರ್ಶ್ವನ ಅಂಗಡಿಯ ಮನೆಯೂ ಅವರದೇ. ಒಬ್ಬಳೇ ಮಗಳು ಕಸ್ತೂರೆವ್ವ, ವರ ಮುಧೋಳದವನು, ಲಗ್ನ ಜಮಖಂಡಿಯಲ್ಲಿ. ಸುಪಾರ್ಶ್ವ ಮೂರು ರೀಲು ಫೋಟೋ ತೆಗೆದ. ಎರಡರಲ್ಲಿ ದಿಬ್ಬಣ, ಊಟ, ಬೀಗರು. ಮೂರನೆಯದರಲ್ಲಿ ಮದುಮಗಳು ಮತ್ತು ಅಕ್ಷತೆ.

ಯುದ್ಧದ ಐದನೇ ವರ್ಷ ಅದು. ನಮಗೆ ಜರ್ಮನಿಯ ಬಣ್ಣದ ಡಬ್ಬಿ ಸಿಗುತ್ತಿರಲಿಲ್ಲ, ಅವನಿಗೆ ಡೆವಲಪರ್ ಸಿಗುತ್ತಿರಲಿಲ್ಲ. ಡೆವಲಪರ್ ಎಂದರೆ ಫಿಲ್ಮಿನ ಮೇಲೆ ಚಿತ್ರ ಎಬ್ಬಿಸುವ ಔಷಧ. ಅವನ ಹತ್ತಿರ ಉಳಿದಿದ್ದದ್ದು ಒಂದೇ ಬಾಟಲಿ, ಅದರಲ್ಲೂ ಆರು ಔನ್ಸ್. ಕೊಲ್ಲಾಪುರದಿಂದ ಕಾಗದ ಬಂದಿತ್ತು: ದೀಪಾವಳಿಯ ತನಕ ಕೇಳಬೇಡಿ. ಇದು ವೈಶಾಖ.

ಲಗ್ನ ಮುಗಿದ ಮೂರನೇ ದಿನ ಗೋಡೆಯಾಚೆಯಿಂದ ಏನೋ ಬಿದ್ದ ಸದ್ದು ಕೇಳಿ ನಾನೂ ಅಪ್ಪನೂ ಓಡಿದೆವು. ಸುಪಾರ್ಶ್ವ ನೆಲದ ಮೇಲೆ ಕೂತಿದ್ದ. ಮುಂದೆ ಎರಡು ಪಟ್ಟಿ. ಅಪ್ಪ ಒಂದನ್ನು ಬೆಳಕಿಗೆ ಹಿಡಿದ. ನಾನು ಹೌಹಾರಿದೆ. ದಿಬ್ಬಣವಿಲ್ಲ. ಬೀಗರಿಲ್ಲ. ಊಟದ ಪಂಕ್ತಿಯಿದ್ದ ಜಾಗದಲ್ಲಿ ಒಲೆಯ ಹೊಗೆಯಷ್ಟು ಮಬ್ಬು. ಮುನ್ನೂರು ಜನರ ಲಗ್ನದಲ್ಲಿ ಒಬ್ಬರೂ ಬಂದಿರಲಿಲ್ಲ ಎನ್ನುವ ಹಾಗೆ.

"ಔಷಧ ಸತ್ತೈತಿ," ಎಂದ ಅವನು. ಅವನ ದನಿಯೂ ಸತ್ತಿತ್ತು. "ಅಣ್ಣಾಸಾಹೇಬ್ರು ಮೊದಲ ಹೇಳ್ಯಾರ. ಮಗಳ ಅಕ್ಷತೆ ಫೋಟೋ ಬರಲಿಲ್ಲಂದ್ರ ಮನಿ ಖಾಲಿ ಮಾಡ ಅಂತ. ಆ ರೀಲ ಇನ್ನ ತೊಳದಿಲ್ಲ. ಇನ್ನ ಅದನ್ನ ಯಾವ ಧೈರ್ಯದ ಮ್ಯಾಲೆ ತೊಳೀಲಿ?"

ಅಂಗಡಿ ಹೋದರೆ ಅವನು ತೇರದಾಳಕ್ಕೆ ಹೋಗುತ್ತಾನೆ. ಕಾಳಿನ ಗಾದಿ, ಮಾವ ತೋರಿಸಿದ ಹುಡುಗಿ. ಇದು ನನ್ನ ತಲೆಗೆ ಬಂದದ್ದೇ ತಡ, ಕಾಣದ ಆ ಹುಡುಗಿಯ ಮೇಲೆ ಹೊಟ್ಟೆಕಿಚ್ಚಾಯಿತು. ಸೋಲಾಪುರಕ್ಕೆ ಹೋಗುವವಳು ನಾನು; ಅವನು ಎಲ್ಲಿಗೆ ಹೋದರೆ ನನಗೇನು? ಆದರೂ ಆಯಿತು. ನನ್ನ ಮೇಲೆ ನನಗೇ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಕೇಳಿದೆ.

"ಔಷಧ ಎಷ್ಟ ಹಾಕಿದ್ರಿ?"

ಅಪ್ಪ ತಿರುಗಿ ನೋಡಿದ. ಸುಪಾರ್ಶ್ವನೂ ನೋಡಿದ, ಎಷ್ಟೋ ದಿನದ ಮೇಲೆ.

"ಮೂರ ಔನ್ಸ್. ಒಂಬತ್ತ ಔನ್ಸ್ ನೀರು. ಒಂದಕ್ಕ ಮೂರು, ನನಗ ಕಲಿಸಿದ್ದ ಹಂಗ. ಟ್ರೇ ತುಂಬತು, ಫಿಲ್ಮ್ ಪೂರ್ತಿ ಮುಳಗಿತು. ಹೊತ್ತೂ ಬರೋಬ್ಬರಿ ನೋಡೀನಿ. ಹಿಂದ ಇಷ್ಟರಾಗ ಎಷ್ಟ ರೀಲ ತೊಳದೀನಿ, ಎಲ್ಲಾ ಛಲೋ ಬಂದಾವು."

"ಹಿಂದ ಒಂದೊಂದ ತೊಳದೀರಿ. ಈಗ ಎಷ್ಟ ಹಾಕಿದ್ರಿ?"

"ಎರಡು. ಔಷಧ ಉಳೀಲಿ ಅಂತ ಎರಡೂ ಕೂಡೇ ಹಾಕಿದೆ. ನೀರಿನ ಖಾರ ಅಂತೂ ಅಷ್ಟ ಇತ್ತಲ್ಲ."

ಅಪ್ಪ ನಕ್ಕುಬಿಟ್ಟ. ನನಗೆ ನಗು ಬರಲಿಲ್ಲ.

"ನಾವು ನೀರ ನೋಡಿ ಬಣ್ಣ ಹಾಕೂದಿಲ್ರಿ," ಎಂದೆ. "ನೂಲ ತೂಗಿ ಹಾಕ್ತೇವು. ಒಂದ ಲಡಿಗೆ ಬೇಕಾದಷ್ಟ ಬಣ್ಣದಾಗ ಎರಡ ಲಡಿ ಅದ್ದಿದ್ರ ಬಾನಿ ಏನ್ ಮಾಡಬೇಕು? ಇದ್ದದ್ದನ್ನ ಇಬ್ಬರಿಗೂ ಹಂಚತೈತಿ. ಎರಡೂ ಸಪ್ಪಗ ಬರ್ತಾವು. ನೀರ ಮುಳಗಾಕ ಎಷ್ಟ ಬೇಕೋ ಅಷ್ಟ ಹಾಕ್ರಿ, ಅದರಾಗೇನಿಲ್ಲ. ಔಷಧ ಮಾತ್ರ ರೀಲ ಎಣಿಸಿ ಹಾಕಬೇಕು. ಒಂದ ರೀಲಿಗೆ ಮೂರ ಔನ್ಸ್ ಅಂದ್ರ ಎರಡಕ್ಕ ಆರು. ನಿಮ್ಮ ಔಷಧ ಸತ್ತಿಲ್ಲ. ಅದನ್ನ ನೀವು ಅರ್ಧ ಹೊಟ್ಟಿಲೆ ದುಡಿಸೀರಿ."

ಎರಡು ವರ್ಷ ಕೊಲ್ಲಾಪುರದಲ್ಲಿ ಕಲಿತವನು, ಶಾಲೆಗೆ ನಾಲ್ಕು ವರ್ಷ ಹೋದ ನೀಲಗಾರರ ಹುಡುಗಿಯ ಮುಂದೆ ಪೆಟ್ಟು ತಿಂದವನ ಹಾಗೆ ಕೂತಿದ್ದ. ಸಿಟ್ಟಾಗುತ್ತಾನೆ ಎಂದುಕೊಂಡೆ. ಅವನು ಎದ್ದು ಬಾಟಲಿ ತಂದು ನನ್ನ ಮುಂದೆ ಇಟ್ಟ.

"ಮೂರ ಔನ್ಸ್ ಉಳದೈತಿ," ಎಂದ. "ನೀವ ಹಾಕಿ ಕೊಡ್ರಿ. ನನ್ನ ಕೈ ಮ್ಯಾಲೆ ನನಗ ನಂಬಿಗಿ ಹೋತು."

ಅಪ್ಪ ಒಪ್ಪಿದ. ಕಸುಬಿನ ಮಾತು ಬಂದರೆ ಅಪ್ಪನಿಗೆ ಉಳಿದದ್ದೇನೂ ಕಾಣುವುದಿಲ್ಲ. "ಒಳಗ ಹೋಗಿ ಅಳದ ಕೊಟ್ಟ ಬಾ, ನನಗ ಬಾನಿ ಕೆಲಸ ಐತಿ. ಮುತ್ತವ್ವನ್ನ ಕರಕೊಂಡ ಹೋಗು," ಎಂದ. ಮುತ್ತವ್ವ ಎದುರುಮನೆಯ ಮುದುಕಿ. ಓಣಿಯ ಮಾನಮರ್ಯಾದೆಯೆಲ್ಲ ತನ್ನ ಸೆರಗಿನಲ್ಲೇ ಇದೆ ಎಂದು ನಂಬಿದವಳು. ಕತ್ತಲೆ ಕೋಣೆಯೊಳಗೆ ಬರಲು ಆಕೆ ಒಪ್ಪಲಿಲ್ಲ. ಬಾಗಿಲ ಹೊರಗೆ ಕಟ್ಟೆಯ ಮೇಲೆ ಕೂತಳು. "ನಾ ಕೆಮ್ಮತಿರ್ತೇನಿ. ನೀ ಒಳಗಿಂದ ಓ ಅಂತಿರು," ಎಂದಳು.

ಒಳಗೆ ದೀಪವಿತ್ತು. ಮೇಜಿನ ಮೇಲೆ ಟ್ರೇ, ಔಷಧ ಅಳೆಯುವ ಗಾಜಿನ ಲೋಟ, ಎರಡು ರೀಲು. ಒಂದಕ್ಕೆ ಕೆಂಪು ಕಾಗದದ ಪಟ್ಟಿ ಅಂಟಿಸಿತ್ತು. ಅದು ಅಕ್ಷತೆಯ ರೀಲು. ಇನ್ನೊಂದಕ್ಕೆ ದಾರ ಕಟ್ಟಿತ್ತು. ದಾರ ನಮ್ಮ ಹಿತ್ತಲಿನದೇ, ನಾನೇ ಹಾಕಿದ ಹಳದಿ.

"ಅದು?"

"ನಿಮ್ಮಪ್ಪಾರ ಫೋಟೋ. ಔಷಧ ಬಂದಾಗ ತೊಳೀತೇನಿ."

"ದೀಪಾವಳಿ ತನಕ ಉಳೀತೈತೇನು?"

"ಈ ಬ್ಯಾಸಗ್ಯಾಗ ಉಳಿಯೂದಿಲ್ಲ. ತೊಳೀದ ಇಟ್ರ ಒಳಗಿನ ಚಿತ್ರ ದಿನಾ ಸ್ವಲ್ಪ ಸ್ವಲ್ಪ ಅಳಸ್ತೈತಿ," ಎಂದ. ನನ್ನ ಕಡೆ ನೋಡದೆ ಹೇಳಿದ.

"ಎರಡಕ್ಕೂ ಒಂದೂವರಿ ಔನ್ಸ್..." ಎಂದು ಶುರುಮಾಡಿ ನಾನೇ ನಾಲಿಗೆ ಕಚ್ಚಿಕೊಂಡೆ.

"ಹಂಚಿದ್ರ ಎರಡೂ ಹೋಗ್ತಾವು. ನೀವ ಕಲಿಸಿದ್ದಲ್ಲ," ಎಂದು ಅವನು ಸ್ವಲ್ಪ ನಕ್ಕ. "ಮೂರ ಔನ್ಸಿಗೆ ಒಂದ."

ನಾನು ಅಳೆದೆ. ಬಾಟಲಿಯನ್ನು ಬೋರಲು ಹಾಕಿ ಕೊನೆಯ ಹನಿಯನ್ನೂ ಇಳಿಸಿದೆ. ಸರಿಯಾಗಿ ಮೂರು. ಗಾಳಿಸಿದ ನೀರು ಒಂಬತ್ತು ಔನ್ಸ್ ಸೇರಿಸಿದೆ. ಅವನು ಹೇಳಿಕೊಟ್ಟ: ದೀಪ ಆರಿದ ಮೇಲೆ ಅವನು ಕಾಗದ ಬಿಚ್ಚಿ ಫಿಲ್ಮಿನ ಎರಡೂ ತುದಿ ಹಿಡಿದುಕೊಳ್ಳುತ್ತಾನೆ, ಸುರಿ ಎಂದಾಗ ನಾನು ಟ್ರೇಗೆ ಸುರಿಯಬೇಕು, ಆಮೇಲೆ ಅರವತ್ತಕ್ಕೊಂದು ನಿಮಿಷದಂತೆ ಹದಿನೈದು ನಿಮಿಷ ಎಣಿಸಬೇಕು. ತನಗೆ ಎಣಿಸುತ್ತ ಕೈ ಆಡಿಸಲು ಆಗುವುದಿಲ್ಲ ಎಂದ.

ದೀಪ ಆರಿತು.

ಅಂಥ ಕತ್ತಲೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅಮಾವಾಸ್ಯೆಯಲ್ಲೂ ಬಾಗಿಲ ಸಂದಿಯಾದರೂ ತಿಳಿಯುತ್ತದೆ. ಇಲ್ಲಿ ನನ್ನ ಕೈ ನನಗೇ ಇರಲಿಲ್ಲ. ಅವನ ಉಸಿರು ಮಾತ್ರ ಇತ್ತು, ಬಹಳ ಹತ್ತಿರ. ಹೊರಗೆ ಮುತ್ತವ್ವ ಕೆಮ್ಮಿದಳು. ನಾನು "ಓ" ಎಂದೆ.

ಕಾಗದ ಬಿಚ್ಚುವ ಸದ್ದಾಯಿತು. ಏನೋ ಹಗುರಾದದ್ದು ನನ್ನ ಮುಂಗೈ ಮೇಲೆ ಬಿತ್ತು. ಮುಟ್ಟಿ ನೋಡಿದೆ. ದಾರ.

ಹತ್ತು ವರ್ಷದಿಂದ ನೂಲು ಮುಟ್ಟುತ್ತಿರುವ ಬೆರಳಿಗೆ ಅದು ಯಾವ ದಾರವೆಂದು ಕಣ್ಣು ಹೇಳಬೇಕಿಲ್ಲ.

"ಸುರೀರಿ," ಎಂದ.

ನಾನು ಲೋಟವನ್ನು ಎದೆಗೆ ಒತ್ತಿ ಹಿಡಿದೆ. "ಇದು ಲಗ್ನದ ರೀಲಲ್ಲ."

ಅವನು ಮೊಣಕೈಯಿಂದ ಟ್ರೇಯನ್ನು ನನ್ನ ಕಡೆ ಸರಿಸಿದ ಸದ್ದು ಕೇಳಿಸಿತು.

"ಕತ್ತಲಾಗ ತಪ್ಪ ತಗೊಂಡ್ರಿ. ಇದು ನಮ್ಮಪ್ಪನ ರೀಲು."

"ತಪ್ಪ ತಗೊಂಡಿಲ್ಲ," ಎಂದ. ದನಿಯಲ್ಲಿ ನಗುವಿನಂಥದ್ದೇನೋ ಇತ್ತು. "ಮತ್ತ ಅದು ನಿಮ್ಮಪ್ಪಂದೂ ಅಲ್ಲ. ಎಂಟರಾಗ ಎಂಟೂ ನಿಮ್ಮವ. ನಿಮ್ಮಪ್ಪಾರದು ಒಂದರಾಗ ಮೊಣಕೈ ಬಂದೈತಿ."

ನಾನು ದಂಗಾದೆ. ಪಟಗ ಸುತ್ತಿಕೊಂಡು, ಹೊಟ್ಟೆ ಒಳಗೆ ಎಳೆದುಕೊಂಡು, ಎಂಟು ಸಲ ಉಸಿರು ಹಿಡಿದು ನಿಂತಿದ್ದ ನನ್ನ ಅಪ್ಪ. ಬೇರೆ ಹೊತ್ತಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಅಂದು ಬೈದುಬಿಟ್ಟೆ.

"ಹುಚ್ಚ ಹಿಡದೈತೇನ್ರಿ ನಿಮಗ? ಇರೂದು ಮೂರ ಔನ್ಸ್. ಇದಕ್ಕ ಸುರದ್ರ ಕಸ್ತೂರೆವ್ವನ ಅಕ್ಷತೆ ಹೋತು. ಅಂಗಡಿ ಹೋತು. ತೇರದಾಳಕ್ಕ ಹೋಗಿ ಕಾಳ ತೂಗತೀರಿ?"

"ತೂಗತೇನಿ. ಅದನ್ನ ತೊಳದ್ರ ನನಗ ಬರೂದೇನು? ಅಂಗಡಿ ಉಳೀತೈತಿ. ನೀವಿಲ್ಲದ ಓಣ್ಯಾಗ ಅಂಗಡಿ ಇಟ್ಕೊಂಡು ಯಾರ್ನ ನೋಡ್ಲಿ? ನೀವು ಸೋಲಾಪುರಕ್ಕ ಹೋಗ್ತೀರಿ. ದೀಪಾವಳಿ ಅನ್ನೂದರಾಗ ಈ ರೀಲ್ನಾಗೂ ಅಳಿಸಿ ಹೋಗ್ತೀರಿ." ಸ್ವಲ್ಪ ತಡೆದು ಅಂದ, "ನನಗ ಮಂದಿ ಮುಖ ಭಾಳ ದಿನ ನೆನಪಿರೂದಿಲ್ಲ ಶೇವಂತಿ. ಅದಕ್ಕ ಈ ಕಸುಬು ಕಲ್ತಾಂವ ನಾ. ನಮ್ಮಪ್ಪನ ಮುಖ ಈಗ ನೆನಪಿಲ್ಲ. ನಿನ್ನ ಮುಖಾನೂ ಮರತ್ರ ಏನ್ ಮಾಡ್ಲಿ?"

ಲೋಟದಲ್ಲಿ ಔಷಧ ತುಳುಕುವ ಸದ್ದು ಕೇಳಿಸುತ್ತಿತ್ತು. ಒಬ್ಬ ಗಂಡಸು ನನ್ನ ಎಂಟು ಫೋಟೋಕ್ಕೆ ತನ್ನ ಅನ್ನವನ್ನು ಸುರಿಯಲು ನಿಂತಿದ್ದಾನೆ. ಅದೂ ನನ್ನ ಕೈಯಿಂದಲೇ ಸುರಿಸಲು. ಹೊರಗೆ ಮುತ್ತವ್ವ ಕೆಮ್ಮಿದಳು. "ಓ" ಎನ್ನುವುದನ್ನು ನಾನು ಮರೆತೆ.

ಆಕೆ ಮತ್ತೆ ಕೆಮ್ಮಿದಳು, ಜೋರಾಗಿ. "ಓ," ಎಂದೆ.

ಆಮೇಲೆ ನಾನು ಅಂದ ಮಾತು ನನ್ನದೇ ಬಾಯಿಂದ ಬಂತೆಂದು ಇಂದಿಗೂ ನನಗೆ ಸೋಜಿಗ.

"ಅದನ್ನ ಸುತ್ತಿಡ್ರಿ. ಲಗ್ನದ ರೀಲ ತಗೋರಿ."

"ಶೇವಂತಿ..."

"ಎದುರಿಗೆ ನಿಂತಾಕಿನ ಬಿಟ್ಟ ಟ್ರೇದಾಗ ಹುಡಕ್ತೀರಲ್ಲ. ಫೋಟೋ ಬೇಕಾಗೂದು ಹೋಗೂವ್ರದು. ನಾ ಹೋಗೂದಿಲ್ಲ."

ತಪ್ಪು ಹೇಳಿದೆನೇನೋ ಎಂದು ಅವನ ದನಿಗೆ ಕಿವಿಗೊಟ್ಟೆ.

"ಸೋಲಾಪುರ?" ಎಂದ, ಬಹಳ ಸಣ್ಣಗೆ.

"ನನ್ನ ಕೇಳಿದ್ರು. ನಾ ಸುಮ್ಮನಿದ್ದೆ. ಇವತ್ತ ಬಾಯಿ ಬಿಡ್ತೇನಿ. ಲಗೂ ಮಾಡ್ರಿ, ಮುದುಕಿ ಗಂಟಲಾ ಹರಕೊಂಡಾಳು."

ಕಾಗದ ಸುತ್ತುವ ಸದ್ದಾಯಿತು, ಇನ್ನೊಂದು ಕಾಗದ ಹರಿಯುವ ಸದ್ದಾಯಿತು. "ಸುರಿ," ಎಂದ. ನಾನು ಸುರಿದೆ. ಒಂದು ಹನಿಯೂ ಹೊರಗೆ ಬೀಳಲಿಲ್ಲ.

ಎಣಿಸಿದೆ. ಒಂದು, ಎರಡು, ಮೂರು. ಅವನ ಕೈ ಏರುವಾಗ ಇಳಿಯುವಾಗ ಮೊಣಕೈ ನನ್ನ ತೋಳಿಗೆ ತಗಲುತ್ತಿತ್ತು. ಅವನು ಸರಿಯಲಿಲ್ಲ, ನಾನೂ ಸರಿಯಲಿಲ್ಲ. ನಡುನಡುವೆ ಮಾತಾಡಿಸುತ್ತಿದ್ದ, ಎಣಿಕೆ ತಪ್ಪಿಸಲೆಂದೇ.

"ನಮ್ಮ ಮನ್ಯಾಗ ಉಳ್ಳಾಗಡ್ಡಿ ಅಷ್ಟ ಅಲ್ಲ, ನೆಲದಾಗ ಬೆಳೆಯೂ ಗಜ್ಜರಿನೂ ತಿನ್ನೂದಿಲ್ಲ, ಗೊತ್ತೈತೇನು?"

"ನಲವತ್ತಾರು, ನಲವತ್ತೇಳು. ನಾ ಹಿತ್ತಲದಾಗ ಕುಂತ ತಿಂತೇನಿ. ನಲವತ್ತೆಂಟು."

"ಹೊತ್ತ ಮುಣಗಿದ ಮ್ಯಾಲೆ ಊಟ ಇಲ್ಲ."

"ಈಗ ಎರಡ ತಿಂಗಳಾತು, ಮುಣಗೂದರಾಗ ಉಣ್ಣಾಕತ್ತೇನಿ. ಐವತ್ತೊಂದು."

ಅವನು ನಕ್ಕ. ನಕ್ಕನೆಂದೇ ತಿಳಿದೆ. ಹದಿನೈದು ನಿಮಿಷ ನಗುತ್ತಲೇ ಮಾತಾಡಿದ. ಹದಿನೈದಾದ ಮೇಲೆ ಫಿಲ್ಮನ್ನು ಹೈಪೋದ ನೀರಿಗೆ ಹಾಕಿದ; ಚಿತ್ರ ಬೆಳಕಿಗೆ ಅಳಿಯದಂತೆ ಮಾಡುವುದು ಅದು. ಇನ್ನೂ ಹತ್ತು ನಿಮಿಷ. ಆಮೇಲೆ ದೀಪ ಹಚ್ಚಿದ.

ಪಟ್ಟಿಯ ಮೇಲೆ ಕಸ್ತೂರೆವ್ವ ಇದ್ದಳು. ಗಟ್ಟಿಯಾಗಿ, ಕಡುಗಪ್ಪಾಗಿ, ಮೂಗಿನ ನತ್ತಿನ ಒಂದೊಂದು ಮುತ್ತೂ ಎಣಿಸುವ ಹಾಗೆ. ಅಕ್ಷತೆ ಕರಿ ಮಳೆಯಾಗಿ ಅವಳ ಮೇಲೆ ಬೀಳುತ್ತಿತ್ತು. ಎಂಟಕ್ಕೆ ಎಂಟೂ ಬಂದಿದ್ದವು. ಗೆದ್ದೆವು ಎಂದು ಹೇಳಲು ಅವನ ಕಡೆ ತಿರುಗಿದೆ.

ಅವನ ಮುಖ ತೊಯ್ದುಹೋಗಿತ್ತು. ಕಣ್ಣು ಕೆಂಪಾಗಿ ಊದಿದ್ದವು, ಅಂಗಿಯ ಕೊರಳಪಟ್ಟಿಯೂ ಒದ್ದೆ. ಎರಡೂ ಕೈ ಫಿಲ್ಮಿನಲ್ಲಿದ್ದುದರಿಂದ ಒರೆಸಿಕೊಳ್ಳಲೂ ಆಗಿರಲಿಲ್ಲ. ಇಷ್ಟು ಹೊತ್ತು ನನ್ನ ಪಕ್ಕದಲ್ಲಿ ಗಜ್ಜರಿಯ ಮಾತಾಡುತ್ತ ಈ ಮನುಷ್ಯ ಅಳುತ್ತಿದ್ದ, ಮತ್ತು ನಾನು ಎಣಿಸುತ್ತಿದ್ದೆ. ಅಂದು ನನಗೆ ಆದ ಆಘಾತಗಳಲ್ಲಿ ಅದೇ ದೊಡ್ಡದು. ನನ್ನ ಸೆರಗಿನಿಂದ ಅವನ ಮುಖ ಒರೆಸಿದೆ. ಅವನು ಮಗುವಿನ ಹಾಗೆ ಮುಖ ಒಡ್ಡಿ ನಿಂತ.

"ನಿಮ್ಮಪ್ಪ ಒಪ್ಪೂದಿಲ್ಲ," ಎಂದ. "ನಮ್ಮವ್ವನೂ ಒಪ್ಪೂದಿಲ್ಲ."

"ಕೇಳಿ ಬೈಸ್ಕೊಳ್ಳೂಣು. ಕೇಳದನ ಯಾಕ ಬೈಸ್ಕೋಬೇಕು? ಬರ್ರಿ."

ಬಾಗಿಲು ತೆರೆದು ಇಬ್ಬರೂ ಕೂಡಿಯೇ ಹೊರಬಂದೆವು. ಮುತ್ತವ್ವ ಮೊದಲು ಅವನ ಕಣ್ಣು ನೋಡಿದಳು, ಆಮೇಲೆ ನನ್ನ ಒದ್ದೆ ಸೆರಗು ನೋಡಿದಳು. ಕೆಮ್ಮಲು ತೆರೆದ ಬಾಯಿ ಹಾಗೆಯೇ ಉಳಿಯಿತು. ನಮ್ಮ ಓಣಿಯಲ್ಲಿ ಮನೆಮನೆಗೂ ಮಗ್ಗ. ನಡುಮಧ್ಯಾಹ್ನದಲ್ಲಿ ಬೇರೆ ಮಾತೇ ಕೇಳಿಸದಷ್ಟು ಸದ್ದು. ನಾನೂ ಅವನೂ ಜೊತೆಯಲ್ಲಿ ನಡೆದುಬರುತ್ತಿದ್ದ ಹಾಗೆ ಒಂದು ಮನೆಯ ಮಗ್ಗ ನಿಂತಿತು, ಆಮೇಲೆ ಅದರ ಪಕ್ಕದ್ದು, ಆಮೇಲೆ ಎದುರಿನದು. ನಮ್ಮ ಹಿತ್ತಲಿಗೆ ಬರುವಷ್ಟರಲ್ಲಿ ಓಣಿ ಸುಮ್ಮನಾಗಿತ್ತು. ಗೋಡೆಯ ಮೇಲೆ ತಲೆಗಳು ಮೂಡಿದ್ದವು.

ಅಪ್ಪ ನೀಲಿ ಬಾನಿಯ ಮುಂದೆ ಕೂತು ಲಡಿ ಅದ್ದುತ್ತಿದ್ದ. "ಬಂತೇನವಾ?" ಎಂದ.

"ಎಂಟೂ ಬಂದಾವು. ಅಪ್ಪಾ, ಸೋಲಾಪುರದವ್ರಿಗೆ ಬ್ಯಾಡ ಅಂತ ಹೇಳಿ ಕಳಸು. ನಾ ಇವರನ್ನ ಮದಿವಿ ಆಕ್ಕೇನಿ."

ಬಾನಿಯಲ್ಲಿ ನೂಲು ಒಂದು ಗಳಿಗೆ ಹೆಚ್ಚು ನಿಂತರೆ ಬೈಯುವ ಮನುಷ್ಯ. ಅವನ ಕೈ ಬಾನಿಯಲ್ಲೇ ನಿಂತುಬಿಟ್ಟಿತು. ಮೊದಲು ನನ್ನನ್ನು ನೋಡಿದ, ಆಮೇಲೆ ಸುಪಾರ್ಶ್ವನನ್ನು. ಬೈಗುಳ ಬರಲಿಲ್ಲ. ಬಂದಿದ್ದರೆ ನನಗೆ ಹಗುರಾಗುತ್ತಿತ್ತು.

"ನಿಮ್ಮವ್ವಗ ಹೇಳೀಯೇನು?" ಎಂದು ಕೊನೆಗೆ ಅವನನ್ನು ಕೇಳಿದ.

"ನಾಳೆ ಮುಂಜಾನೆ ತೇರದಾಳಕ್ಕ ಹೋಗ್ತೇನ್ರಿ ಕಾಕಾ."

"ಬಾಗಲಾ ಹಾಕ್ತಾಳ."

"ಹಾಕಬಹುದ್ರಿ."

"ನನ್ನ ಮಂದೀನೂ ಮದಿವಿ ಮುಂಜಿವಿಗೆ ನನ್ನ ಕರೆಯೂದ ಬಿಡ್ತಾರ." ಅಪ್ಪ ಗೋಡೆಯ ಕಡೆ ಒಮ್ಮೆ ನೋಡಿದ. "ಆಮ್ಯಾಲೆ ಎಲ್ಲಿ ಇರ್ತಿ?"

"ಇಲ್ಲೇ ಇರ್ತೇನ್ರಿ. ಈ ಓಣ್ಯಾಗ, ನಿಮ್ಮ ಬಾಜೂಕ."

ಅಪ್ಪ ಬಾನಿಯೊಳಗೆ ನೋಡಿದ. ಗೋಡೆಯ ಮೇಲಿನ ತಲೆಗಳಲ್ಲಿ ಒಂದೂ ಅಲ್ಲಾಡಲಿಲ್ಲ.

"ಒಳಗ ನೂಲ ಕೆಡಾಕತ್ತೈತಿ. ನನ್ನ ಕೈ ಏಳವಲ್ಲವು," ಎಂದ. "ಎತ್ತಪಾ. ಎತ್ತಿದ್ರ ಬಣ್ಣ ಎಂಟ ದಿನ ಹೋಗೂದಿಲ್ಲ, ತೇರದಾಳದಾಗ ನಿಮ್ಮವ್ವನ ಮುಂದ ಹಂಗ ನಿಲ್ಲಬೇಕಾಗತೈತಿ. ತಿಳದ ಕೈ ಹಾಕು."

ಸುಪಾರ್ಶ್ವ ಅಂಗಿಯ ತೋಳನ್ನೂ ಮಡಚದೆ ಎರಡೂ ಕೈಯನ್ನು ನೀಲಿ ಬಾನಿಗೆ ಇಳಿಸಿದ.